ಹೆಸರು, ವಯಸ್ಸು, ಊರು

ಪತ್ರಿಕೆಗೆ ಸೇರಿದ ಮೊದಲ ವಾರ ಹಾವೇರಿ ಕಚೇರಿಯ ಹಿರಿಯ ಉಪಸಂಪಾದಕರು ನನಗೆ ಹೇಳಿಕೊಟ್ಟದ್ದು ಒಂದೇ ಪಾಠ. ‘ವಾಕ್ಯ ಕೆಟ್ರ ನಾವು ತಿದ್ದತೀವಿ. ಹೆಸರು, ವಯಸ್ಸು, ಊರು, ಈ ಮೂರು ಮಾತ್ರ ನಿಂದು. ಅವನ್ನ ಇಲ್ಲಿ ಕುಂತು ತಿದ್ದಾಕ ನಮಗ ಬರಾಂಗಿಲ್ಲ.’

ನನ್ನ ವಾಸ ಹಾನಗಲ್ಲಿನಲ್ಲಿ. ಹಾನಗಲ್ ಜೊತೆಗೆ ಶಿಗ್ಗಾಂವಿ, ಸವಣೂರು, ಹಿರೇಕೆರೂರು ತಾಲ್ಲೂಕುಗಳ ಸುದ್ದಿಯೂ ನನ್ನ ಪಾಲಿಗಿತ್ತು. ಬರೆದ ಸುದ್ದಿಯ ಲೆಕ್ಕದ ಮೇಲೆ ಸಂಭಾವನೆ. ಬಸ್ಸಿನ ಖರ್ಚು ನನ್ನದೇ. ಮೊದಲ ವರ್ಷವೇ ಸವಣೂರಿನಲ್ಲಿ ಆ ಪಾಠ ತಪ್ಪಿದೆ. ಬೈಕ್ ಅಪಘಾತದಲ್ಲಿ ಸತ್ತವನ ಹೆಸರಿನ ಬದಲು ಅವನ ಕಾಕಾನ ಮಗನ ಹೆಸರು ಬರೆದಿದ್ದೆ. ಮೂರನೆಯ ದಿನ ಆ ಕಾಕಾನ ಮಗ ಸವಣೂರು ಬಸ್ ನಿಲ್ದಾಣದಲ್ಲಿ ನನ್ನನ್ನು ಹುಡುಕಿ ಬಂದ.

‘ನಿಮ್ಮ ಪೇಪರ್ ಪ್ರಕಾರ ನಾ ಸತ್ತೇನ್ರಿ. ಸತ್ತಾಂವಗ ಒಂದು ಚಾ ಆದ್ರೂ ಕುಡಸ್ರಿ’ ಎಂದ.

ಕುಡಿಸಿದೆ. ಲೋಟ ಕೆಳಗಿಟ್ಟ ಮೇಲೆ ಅವನು ನಗು ನಿಲ್ಲಿಸಿ, ಬೇರೆ ಊರಲ್ಲಿರುವ ತನ್ನ ತಂಗಿ ಪತ್ರಿಕೆ ಓದಿ ಎದೆ ಬಡಿದುಕೊಂಡು ಬಸ್ಸು ಹತ್ತಿ ಬಂದಳೆಂದು ಹೇಳಿದ. ಅಂದಿನಿಂದ ಯಾರ ಹೆಸರನ್ನೂ ಎರಡು ಸಲ ಕೇಳದೆ, ಸಾಧ್ಯವಾದರೆ ಒಂದು ಕಾಗದ ನೋಡದೆ ಬರೆದವನಲ್ಲ. ಹದಿನಾಲ್ಕು ವರ್ಷ ಹಾಗೆಯೇ ನಡೆಯಿತು.

ಮೂರು ವರ್ಷದ ಹಿಂದೆ ಶ್ರಾವಣದಲ್ಲಿ, ಸೋಮವಾರದ ಪುಟಕ್ಕೆ ‘ಏನಾದರೂ ಒಳ್ಳೆಯ ಸುದ್ದಿ’ ಬೇಕೆಂದು ಕಚೇರಿಯಿಂದ ಫೋನ್ ಬಂತು. ಶಿಗ್ಗಾಂವಿ ತಾಲ್ಲೂಕಿನ ತಡಸದಲ್ಲಿ ಮೊಬೈಲ್ ರೀಚಾರ್ಜ್ ಅಂಗಡಿಯವನೊಬ್ಬ ಫೋನಿನ ಆ್ಯಪಿನಲ್ಲಿ ಸಮೀಕ್ಷೆ ತುಂಬಿ ದುಡ್ಡು ಮಾಡುತ್ತಾನೆಂದು ಕೇಳಿದ್ದೆ. ಹೋದೆ. ಗಲ್ಲೆಯ ಮೇಲೆ ಎರಡು ಫೋನುಗಳನ್ನು ಒರಗಿಸಿಟ್ಟುಕೊಂಡು, ಗಿರಾಕಿ ಇಲ್ಲದಾಗ ಪ್ರಶ್ನೆಗಳಿಗೆ ಉತ್ತರ ಒತ್ತುತ್ತಿದ್ದ. ಯಾವ ಸಾಬೂನು ಬಳಸುತ್ತೀರಿ, ಯಾವ ಬಿಸ್ಕತ್ತು ಕೊಳ್ಳುತ್ತೀರಿ ಎಂದು ಕಂಪನಿಗಳು ಕೇಳುತ್ತವೆ. ಹೇಳಿದರೆ ಪಾಯಿಂಟ್ ಬರುತ್ತದೆ. ಹೊಸ ಆಟ ಇಳಿಸಿಕೊಂಡು ಆಡಿದರೆ, ಯಾವುದೋ ಜಾಹೀರಾತಿನ ಕೊಡುಗೆ ಮುಗಿಸಿದರೆ ಇನ್ನಷ್ಟು. ಪಾಯಿಂಟ್ ಕೊನೆಗೆ ರೂಪಾಯಿಯಾಗುತ್ತದೆ.

ಅವನ ಹೆಸರನ್ನು ಲೈಸೆನ್ಸ್ ನೋಡಿ ಬರೆದುಕೊಂಡೆ. ವಯಸ್ಸು ಮೂವತ್ತೊಂದು. ಊರು ತಡಸ. ಫೋನಿನ ಪರದೆಯ ಮೇಲೆ ಅವನು ತೋರಿಸಿದ ಮೊತ್ತವನ್ನೂ ಬರೆದುಕೊಂಡೆ. ಬ್ಯಾಂಕ್ ಪಾಸ್‌ಬುಕ್ ಕೇಳಲಿಲ್ಲ. ಅವನ ಗಳಿಕೆಯಲ್ಲಿ ಹೆಚ್ಚಿನ ಪಾಲು ಸಮೀಕ್ಷೆಯದಲ್ಲ, ಅವನ ಮೂಲಕ ಆ್ಯಪಿಗೆ ಸೇರಿಕೊಂಡ ಜನರಿಂದ ಬರುವ ಕಮಿಷನ್ನಿನದು ಎಂದು ನನಗೆ ತಿಳಿದದ್ದು ಬಹಳ ತಡವಾಗಿ. ಅಂದು ಕೇಳಿದ್ದರೆ ಹೇಳುತ್ತಿದ್ದನೇನೋ. ಮುಚ್ಚಿಡುವ ಸ್ವಭಾವದವನಾಗಿ ಕಾಣಲಿಲ್ಲ. ಡೆಸ್ಕಿನವರು ‘ಕೂತಲ್ಲೇ ಸಂಪಾದನೆ’ ಎಂದು ತಲೆಬರಹ ಕೊಟ್ಟರು.

ಸುದ್ದಿ ಬಂದ ದಿನ ಮಧ್ಯಾಹ್ನ ಅಕ್ಕನ ಫೋನ್.

‘ನೀ ಬರದದ್ದು ಖರೇ ಏನೋ?’

‘ಖರೇ. ನಾನ ಹೋಗಿ ನೋಡಿ ಬಂದೇನಿ.’

‘ಹಂಗಾದ್ರ ಸಂತಿ ದಿನ ಬಾ. ನನ್ನ ಫೋನಿಗೂ ಅದನ್ನ ಹಾಕಿ ಕೊಡು.’

ಅಕ್ಕ ನನಗಿಂತ ನಾಲ್ಕು ವರ್ಷ ದೊಡ್ಡವಳು. ಕೊಟ್ಟದ್ದು ಅಕ್ಕಿಆಲೂರಿಗೆ. ಭಾವ ಅಕ್ಕಿ ಗಿರಣಿಯಲ್ಲಿ ಕೆಲಸಕ್ಕಿದ್ದಾರೆ. ಅವಳು ಮನೆಯ ಪಡಸಾಲೆಯಲ್ಲಿ ಮಷೀನ್ ಹಾಕಿಕೊಂಡು ಬ್ಲೌಸ್ ಹೊಲಿಯುತ್ತಾಳೆ. ಕೈ ಚೊಕ್ಕ, ಗಿರಾಕಿಗಳಿಗೆ ಕೊರತೆಯಿರಲಿಲ್ಲ. ಆದರೆ ಎರಡು ವರ್ಷದಿಂದ ಹೊಸ ತೊಂದರೆ ಶುರುವಾಗಿತ್ತು. ಸೀರೆಗೆ ಫಾಲ್ ಹಚ್ಚಿ, ಸೆರಗಿನ ಅಂಚಿಗೆ ಪಿಕೋ ಮಾಡಿಸಲು ಹೆಣ್ಣುಮಕ್ಕಳು ಹಾನಗಲ್ಲಿಗೆ ಹೋಗುತ್ತಿದ್ದರು. ಹೋದವರು ಬ್ಲೌಸನ್ನೂ ಅಲ್ಲಿಯೇ ಕೊಟ್ಟು ಬರತೊಡಗಿದರು. ಪಿಕೋ ಮಷೀನ್ ಬೇರೆ. ಅಕ್ಕನ ಹಳೆಯ ಮಷೀನಿನಲ್ಲಿ ಆ ಹೊಲಿಗೆ ಬರುವುದಿಲ್ಲ. ‘ಪಿಕೋ ಹೋತು, ಬ್ಲೌಸ್ ಹೋಗಾಕತ್ತಾವು. ಇನ್ನೊಂದು ವರ್ಷಕ್ಕ ನಾ ಹರದ ಚೀಲಾ ಹೊಲ್ಕೋಂತ ಕುಂದ್ರಬೇಕು’ ಎನ್ನುತ್ತಿದ್ದಳು.

ಹಿರೇಕೆರೂರಿನಲ್ಲಿ ದರ್ಜಿಯೊಬ್ಬರು ಕಣ್ಣು ಮಂಜಾಗಿ ಅಂಗಡಿ ಮುಚ್ಚುತ್ತಿದ್ದಾರೆ, ಪಿಕೋ ಮಷೀನ್ ಮಾರುತ್ತಾರೆ ಎಂದು ಗೊತ್ತಾದದ್ದು ನನಗೇ. ಸೀಗಿ ಹುಣ್ಣಿವೆ ಮುಗಿದ ವಾರ ಅಕ್ಕನನ್ನು ಬಸ್ಸಿನಲ್ಲಿ ಕರೆದುಕೊಂಡು ಹೋದೆ. ರಸ್ತೆಯುದ್ದಕ್ಕೂ ಗೋವಿನಜೋಳ ಒಣಹಾಕಿದ್ದರು. ದರ್ಜಿ ಮಷೀನಿನ ಮೇಲಿನ ಹೊದಿಕೆ ತೆಗೆದು, ‘ತುಳದು ನೋಡ್ರಿ ಬಾಯಾರ’ ಎಂದರು. ಅಕ್ಕ ಕುಂತು, ಚೂರು ಬಟ್ಟೆ ಕೊಟ್ಟು ಓಡಿಸಿದಳು. ಅಂಚು ಸಣ್ಣ ಹಲ್ಲಿನ ಸಾಲಿನ ಹಾಗೆ ಬಂತು. ಅದನ್ನು ಬೆಳಕಿಗೆ ಹಿಡಿದು ಇಬ್ಬರೂ ನೋಡಿದರು. ದರ್ಜಿಗೆ ಎಷ್ಟು ಕಂಡಿತೋ ಗೊತ್ತಿಲ್ಲ.

‘ಎಷ್ಟೋ ಮಂದಿ ಬಂದು ಕೇಳ್ಯಾರ. ನಿಮ್ಮ ಕೈ ಛಲೋ ಐತಿ. ಎಳ್ಳಮಾಸಿ ತನಕ ಇಡತೇನ್ರಿ. ಆಮ್ಯಾಲ ನನ್ನ ಕೈಯಾಗಿಲ್ಲ.’

ಆರು ಸಾವಿರ ರೂಪಾಯಿಗೆ ಮಾತಾಯಿತು. ತಿರುಗಿ ಬರುವಾಗ ಬಸ್ಸಿನಲ್ಲಿ, ಭಾವನಿಗೆ ಹೇಳಿದರೆ ಕಂತಿನ ಮೇಲಾದರೂ ತಂದುಕೊಡುತ್ತಾರಲ್ಲ ಎಂದೆ. ನಾನೂ ಸ್ವಲ್ಪ ಹಾಕುತ್ತೇನೆ ಎಂದೆ. ಅಕ್ಕ ಕಿಟಕಿಯ ಕಡೆ ಮುಖ ಮಾಡಿದ್ದಳು.

‘ಮನ್ಯಾಗಿನ ಮಷೀನ್ ಅವರಪ್ಪ ಕೊಡಿಸಿದ್ದು. ಮನಿ ಅವರದು. ಫೋನ್ ಸೈತ ಅವರ ಹಳೇದು. ಒಂದಾದ್ರೂ ನನ್ನ ಹೆಸರಿಲೆ ಬರಲಿ ಬಿಡೋ.’

ಈ ಮಾತನ್ನು ಅಂದು ನಾನು ಬರೆದುಕೊಂಡಿರಲಿಲ್ಲ. ನೆನಪಿನಿಂದ ಬರೆಯುತ್ತಿದ್ದೇನೆ, ಪದಗಳು ಇವೇ.

ಆ ಹೊತ್ತಿಗೆ ಅವಳ ಫೋನಿನಲ್ಲಿ ಆ್ಯಪ್ ಹಾಕಿ ಎರಡು ತಿಂಗಳಾಗಿತ್ತು. ಹಾಕಿಕೊಟ್ಟ ದಿನದ ವಿವರವನ್ನು ಸರಿಯಾಗಿ ಹೇಳಬೇಕು, ಯಾಕೆಂದರೆ ತಪ್ಪು ನಡೆದದ್ದು ಅಲ್ಲಿ. ಅಕ್ಕನ ಅತ್ತೆ ಮೊರದಲ್ಲಿ ಅಕ್ಕಿ ಹಸನು ಮಾಡುತ್ತ ಕುಂತಿದ್ದರು. ಅಕ್ಕ ಬ್ಲೌಸಿಗೆ ಹುಕ್ಕು ಹಚ್ಚುತ್ತಿದ್ದಳು. ಫೋನು ನನ್ನ ಕೈಯಲ್ಲಿತ್ತು. ಪರದೆಯ ಮೇಲೆ ಮೂರು ಖಾಲಿ ಮನೆಗಳು ಬಂದವು: ಹೆಸರು, ವಯಸ್ಸು, ಊರು.

ವಯಸ್ಸನ್ನು ಕೇಳಿ ಬರೆದೆ. ಊರನ್ನು ಜನ ಎರಡು ಮೂರು ಥರ ಬರೆಯುತ್ತಾರೆಂದು ಪಿನ್‌ಕೋಡ್ ನೋಡಿ ಖಚಿತ ಮಾಡಿಕೊಂಡೆ. ಹೆಸರನ್ನು ಕೇಳಲಿಲ್ಲ. ನಾನು ಹುಟ್ಟಿದಂದಿನಿಂದ ಕೇಳಿದ ಹೆಸರು. ಅವ್ವ ಹಿತ್ತಲಲ್ಲಿ ನಿಂತು ಕೂಗುತ್ತಿದ್ದ ಹೆಸರು. ಬೆರಳು ತಾನೇ ಒತ್ತಿತು.

‘ನಮಸ್ಕಾರ’ ಎಂದು ಪರದೆಯ ಮೇಲೆ ಆ ಹೆಸರು ಮೂಡಿತು. ಅಕ್ಕ ಸೂಜಿ ಬಟ್ಟೆಗೆ ಚುಚ್ಚಿಟ್ಟು ಫೋನ್ ತೆಗೆದುಕೊಂಡಳು. ಓದಿದಳು. ಇನ್ನೊಮ್ಮೆ ಓದಿದಳು.

‘ಇದನ್ನ ಬರದೀಯಲ್ಲೋ?’

‘ನಿನ್ನ ಹೆಸರಲ್ಲೇನ?’

ಫೋನ್ ಮಡಿಲಲ್ಲಿಟ್ಟು ಸೂಜಿ ಎತ್ತಿಕೊಂಡು, ‘ಹೂಂ, ಹೌದು’ ಎಂದಳು. ಆ ಹೌದನ್ನು ನಾನು ದೃಢೀಕರಣ ಎಂದುಕೊಂಡೆ.

ನಮ್ಮ ಕಡೆಯ ಕೆಲವು ಮನೆತನಗಳಲ್ಲಿ ಮದುವೆಯ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರು ಇಡುತ್ತಾರೆ. ಹರಿವಾಣದಲ್ಲಿ ಅಕ್ಕಿ ಹರವಿ, ಉಂಗುರದಿಂದ ಆ ಹೆಸರು ಬರೆಸುತ್ತಾರೆ. ಅಕ್ಕನ ಮದುವೆಯಲ್ಲೂ ಬರೆಸಿದರು. ಮನೆದೇವರ ಹೆಸರು, ಅತ್ತೆ ಆರಿಸಿದ್ದು. ಆಮೇಲೆ ರೇಷನ್ ಕಾರ್ಡು, ಮತದಾರರ ಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಎಲ್ಲವೂ ಅದೇ ಹೆಸರಿನಲ್ಲಾದವು. ಹಳೆಯ ಹೆಸರು ಅವ್ವನ ಬಾಯಲ್ಲಿ ಉಳಿಯಿತು. ನಾನಂತೂ ಅಕ್ಕಾ ಎನ್ನುವವನು. ಅವ್ವ ತೀರಿಕೊಂಡು ಆರು ವರ್ಷವಾಗಿತ್ತು. ಅಂದರೆ ಆರು ವರ್ಷದಿಂದ ಅವಳನ್ನು ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ. ಇದೆಲ್ಲ ನನಗೆ ಗೊತ್ತಿದ್ದ ಸಂಗತಿಯೇ. ಆ ಕ್ಷಣದಲ್ಲಿ ಹೊಳೆಯಲಿಲ್ಲ. ಅವಳಿಗೆ ಹೊಳೆದಿತ್ತು, ಹೇಳಲಿಲ್ಲ.

ಮಧ್ಯಾಹ್ನ ಊಟವಾದ ಮೇಲೆ ಅಕ್ಕ ಸಮೀಕ್ಷೆಗೆ ಕೂರುತ್ತಿದ್ದಳು. ಪ್ರಶ್ನೆಗಳು ಯಾವುದೋ ಯಂತ್ರ ಅನುವಾದಿಸಿದ ಕನ್ನಡದಲ್ಲಿದ್ದವು. ಅರ್ಥವಾಗದಿದ್ದರೆ ನನಗೆ ಫೋನ್ ಮಾಡುತ್ತಿದ್ದಳು.

‘ಕಳೆದ ಆರು ತಿಂಗಳಾಗ ಎಷ್ಟು ಸಲ ವಿಮಾನದಾಗ ಹೋಗೀರಿ ಅಂತ ಕೇಳ್ಯಾನ. ಹಾನಗಲ್ಲಿಗೆ ಬಸ್ಸಿನ್ಯಾಗ ನಿಂತು ಹೋದದ್ದು ಬರೀಲೇನು?’

‘ಇಲ್ಲ ಅಂತ ಒತ್ತು.’

‘ಒತ್ತಿದ್ರ ಹೊರಗ ಹಾಕತಾನಲ್ಲೋ.’

ಹೊರಗೆ ಹಾಕುವುದೇ ಹೆಚ್ಚು. ಹತ್ತು ನಿಮಿಷ ಉತ್ತರ ಕೊಟ್ಟ ಮೇಲೆ ‘ಕ್ಷಮಿಸಿ, ಈ ಸಮೀಕ್ಷೆಗೆ ನೀವು ಅರ್ಹರಲ್ಲ’ ಎಂದು ಬರುತ್ತಿತ್ತು. ಪಾಯಿಂಟ್ ಇಲ್ಲ. ನಾನೂ ಒಮ್ಮೆ ನನ್ನ ಫೋನಿನಲ್ಲಿ ಯತ್ನಿಸಿದೆ. ‘ನೀವು ಅಥವಾ ನಿಮ್ಮ ಕುಟುಂಬದವರು ಪತ್ರಿಕೆ, ಜಾಹೀರಾತು ಕ್ಷೇತ್ರದಲ್ಲಿ ಕೆಲಸ ಮಾಡುತ್ತೀರಾ?’ ಎಂದು ಎರಡನೆಯ ಪ್ರಶ್ನೆ. ಹೌದು ಎಂದೆ. ಅರ್ಹನಲ್ಲ ಎಂದಿತು. ಐದು ಸಮೀಕ್ಷೆಗಳಲ್ಲೂ ಹೀಗೆಯೇ ಆದ ಮೇಲೆ ಬಿಟ್ಟೆ. ಅಕ್ಕನಿಗೆ ಆ ಪ್ರಶ್ನೆ ಬಂದಾಗ ಅವಳು ಇಲ್ಲ ಎಂದು ಒತ್ತಿದಳು. ‘ನೀ ಹಾನಗಲ್ಲಾಗ ಇರ್ತೀ. ನಮ್ಮ ಕುಟುಂಬ ಬ್ಯಾರೆ’ ಎಂದು ಸಮಜಾಯಿಷಿ ಕೊಟ್ಟಳು. ಕಾಗದದ ಪ್ರಕಾರ ಅದು ಸರಿ.

ಇನ್ನೊಂದು ದಿನ ನಾನು ಅಲ್ಲಿದ್ದಾಗಲೇ ಕೇಳಿದಳು. ‘ಮನೆಯಲ್ಲಿ ಖರೀದಿಯ ನಿರ್ಧಾರ ತೆಗೆದುಕೊಳ್ಳುವವರು ನೀವೇನಾ ಅಂತಾನ. ಏನ್ ಹೇಳ್ಲಿ?’

ಅತ್ತೆ ಮೊರದಿಂದ ತಲೆ ಎತ್ತದೆ ಹೇಳಿದರು. ‘ನಾ ಅದೇನಿ ಅಂತ ಬರಿ.’

‘ನಿಮ್ಮನ್ನ ಬರದ್ರ ದುಡ್ಡು ನಿಮಗ ಹೋಕ್ಕತಿ, ಅತ್ತಿ.’

‘ಬಂದ್ರ ಬರಲಿ, ಒಂದು ಎಲಿ-ಅಡಕಿ ಚಂಚಿ ತಗೋತೇನಿ.’

ಮೂವರೂ ನಕ್ಕೆವು. ಅಕ್ಕ ‘ಹೌದು, ನಾನೇ’ ಎಂದು ಒತ್ತಿದಳು. ಆ ಸಮೀಕ್ಷೆ ಕೊನೆಯ ತನಕ ಹೋಯಿತು.

ದೊಡ್ಡ ಪಾಯಿಂಟ್ ಇದ್ದದ್ದು ಕೊಡುಗೆಗಳಲ್ಲಿ. ಒಂದು ಹೊಲದ ಆಟ ಇಳಿಸಿಕೊಂಡು ಹದಿನೈದು ದಿನದಲ್ಲಿ ಇಪ್ಪತ್ತೈದನೆಯ ಹಂತ ಮುಟ್ಟಬೇಕಿತ್ತು. ಅಕ್ಕ ಫೋನಿನಲ್ಲಿ ಗೋವಿನಜೋಳ ಬಿತ್ತಿದಳು, ನೀರು ಬಿಟ್ಟಳು, ರಾಶಿ ಮಾಡಿದಳು. ‘ಹೊಲಕ್ಕ ಕರದ್ರ ಸೊಂಟಾ ನೋವು. ಫೋನಿನ್ಯಾಗ ನಾಕು ಎಕರೆ ಮಾಡಾಕತ್ತಾಳ ನೋಡು ತಮ್ಮಾ’ ಎಂದು ಅತ್ತೆ ನನಗೆ ದೂರಿದರು. ದೂರಿನಲ್ಲಿ ಸಿಟ್ಟಿರಲಿಲ್ಲ.

ಸ್ವಲ್ಪ ಪಾಯಿಂಟ್ ಆದಾಗಲೇ ತೆಗೆದು ನೋಡಬಹುದಿತ್ತು. ಅಕ್ಕ ಒಪ್ಪಲಿಲ್ಲ. ‘ಚೂರು ಚೂರು ಬಂದ್ರ ಮನಿಗೆ ಕರಗತಾವು. ಒಮ್ಮೆಲೇ ತಗದು ಸೀದಾ ಹಿರೇಕೆರೂರಿಗೆ ಹೋಗೂದು.’ ನನಗೆ ಅದು ಜಾಣತನ ಎನ್ನಿಸಿತು. ಒಂದು ಮೂಲವನ್ನು ನಂಬುವ ಮೊದಲು ಸಣ್ಣದೊಂದು ಸಂಗತಿಯಲ್ಲಿ ಪರೀಕ್ಷಿಸಬೇಕೆಂಬುದು ನಮ್ಮ ಕೆಲಸದ ರೂಢಿ. ಅದನ್ನು ಅವಳಿಗೆ ಹೇಳಲಿಲ್ಲ.

ಎಳ್ಳಮಾವಾಸ್ಯೆಗೆ ಹದಿನೇಳು ದಿನ ಇರುವಾಗ ಅರವತ್ತು ಸಾವಿರ ಪಾಯಿಂಟ್ ತುಂಬಿತು. ಅದು ಆರು ಸಾವಿರ ರೂಪಾಯಿಗೆ ಸಮ. ಅಕ್ಕ ನನ್ನನ್ನು ಕರೆಸಿಕೊಂಡಳು. ಹಣ ತೆಗೆಯುವ ಗುಂಡಿಯನ್ನು ಅವಳೇ ಒತ್ತಿದಳು. ಮೊದಲ ಬಾರಿ ತೆಗೆಯುವವರು ಗುರುತಿನ ಚೀಟಿ ತೋರಿಸಬೇಕೆಂದು ಬಂತು. ಆಧಾರ್ ಫೋಟೊ ತೆಗೆದು ಹಾಕಿದೆವು. ಚಹಾ ಕುಡಿದು ಮುಗಿಸುವುದರೊಳಗೆ ಉತ್ತರ ಬಂತು. ಖಾತೆಯ ಹೆಸರೂ ಗುರುತಿನ ಚೀಟಿಯ ಹೆಸರೂ ಹೊಂದುವುದಿಲ್ಲ.

ನಾನು ಫೋನ್ ನೋಡಿದೆ. ಅಕ್ಕ ನನ್ನನ್ನು ನೋಡಿದಳು.

‘ಅವತ್ತ ಹೇಳಬೇಕಂತ ಮಾಡಿದ್ದೆ’ ಎಂದಳು.

‘ಮತ್ತ ಯಾಕ ಹೇಳಲಿಲ್ಲ?’

‘ದಿನಾ ತಗದಾಗ ನಮಸ್ಕಾರ ಅಂತಿತ್ತಲ್ಲೋ. ಇರಲಿ ಅಂದೆ.’

ಹೆಸರು ಬದಲಿಸಲು ಆ್ಯಪಿನಲ್ಲಿ ದಾರಿ ಇರಲಿಲ್ಲ. ಆ್ಯಪಿನವರಿಗೆ ಬರೆದು ಕೇಳಿದೆ. ‘ನಿಮ್ಮ ತಾಳ್ಮೆಯನ್ನು ನಾವು ಪ್ರಶಂಸಿಸುತ್ತೇವೆ’ ಎಂದು ಉತ್ತರ ಬಂತು; ಖಾತೆಯ ಹೆಸರಿನ ದಾಖಲೆ ಇದ್ದರೆ ಕಳಿಸಿ ಎಂದಿತ್ತು. ಹಾನಗಲ್ಲಿನ ಮನೆಯ ಟ್ರಂಕಿನಲ್ಲಿ ಅಕ್ಕನ ಏಳನೆಯ ಇಯತ್ತೆಯ ಅಂಕಪಟ್ಟಿ ಸಿಕ್ಕಿತು. ಅದರಲ್ಲಿ ಹಳೆಯ ಹೆಸರಿತ್ತು, ನಮ್ಮಪ್ಪನ ಹೆಸರು, ನಮ್ಮ ಅಡ್ಡಹೆಸರು. ಕಳಿಸಿದೆವು. ಎರಡು ದಿನದ ಮೇಲೆ ಬಂದ ಉತ್ತರ ಇನ್ನೂ ಕೆಟ್ಟದಾಗಿತ್ತು. ಎರಡು ದಾಖಲೆಗಳು ಇಬ್ಬರು ಬೇರೆ ವ್ಯಕ್ತಿಗಳಿಗೆ ಸೇರಿವೆ. ಒಂದೇ ಖಾತೆಯನ್ನು ಇಬ್ಬರು ಬಳಸುವುದು ನಿಯಮದ ಉಲ್ಲಂಘನೆ.

ಅಂಕಪಟ್ಟಿಯ ಹುಡುಗಿಗೂ ಆಧಾರಿನ ಹೆಂಗಸಿಗೂ ಹೆಸರು, ತಂದೆ ಅಥವಾ ಗಂಡನ ಹೆಸರು, ಅಡ್ಡಹೆಸರು, ಊರು ಯಾವುದೂ ಹೊಂದುತ್ತಿರಲಿಲ್ಲ. ದೂರದಲ್ಲಿ ಕುಂತು ನೋಡುವವನಿಗೆ ಅವರು ಇಬ್ಬರೇ.

ಹಾನಗಲ್ ಕೋರ್ಟಿನ ಮುಂದೆ ಕೂರುವ ಟೈಪಿಸ್ಟ್ ಹತ್ತಿರ ಅಫಿಡವಿಟ್ ಮಾಡಿಸಲು ಹೋದೆವು. ನಾನು ವಿವರಿಸುವ ಮೊದಲೇ ಅವರು ಕಂಪ್ಯೂಟರಿನಲ್ಲಿ ತಯಾರಿದ್ದ ನಮೂನೆಯನ್ನು ತೆರೆದರು.

‘ಎರಡೂ ಹೆಸರಿನಾಕಿ ನಾನ ಅಂತ ಬರೀಬೇಕಲ್ರಿ? ವಾರದಾಗ ನಾಕೈದು ಬರ್ತಾವು.’

‘ಎಲ್ಲಾ ಹೆಣ್ಣುಮಕ್ಕಳದಾ?’ ಎಂದೆ, ಸುದ್ದಿ ಕೇಳುವ ಚಾಳಿ.

‘ಗಂಡಸರಿಗ್ಯಾಕ ಬೇಕ್ರಿ ಎರಡು ಹೆಸರು?’

ಮುದ್ರಿಸಿದ ಕಾಗದವನ್ನು ಅಕ್ಕನ ಮುಂದಿಟ್ಟರು. ಎರಡೂ ಹೆಸರು ಒಂದೇ ಸಾಲಿನಲ್ಲಿದ್ದವು. ಅವಳು ಪೆನ್ನು ಹಿಡಿದು ಕೇಳಿದಳು. ‘ಯಾವ ಹೆಸರಿನ ಸಹಿ ಮಾಡ್ಲಿ?’

‘ಬ್ಯಾಂಕಿನ್ಯಾಗ ಯಾವುದು ಮಾಡತೀರಿ, ಅದ’ ಎಂದರು ಟೈಪಿಸ್ಟ್. ಮಾಡಿದಳು. ಹಳೆಯ ಹೆಸರಿನ ಸಹಿಯನ್ನು ಅವಳು ಎಂದೂ ಕಲಿತಿರಲಿಲ್ಲ. ಏಳನೆಯ ಇಯತ್ತೆಯವರಿಗೆ ಸಹಿ ಕೇಳುವವರು ಯಾರು?

ಅಫಿಡವಿಟ್ ಕಳಿಸಿ ಒಂಬತ್ತು ದಿನ ಕಾದರೂ ಉತ್ತರ ಬರಲಿಲ್ಲ. ಆ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತೆ ನನ್ನನ್ನು ಕೇಳಿದರು, ‘ನಾವು ಇಟ್ಟ ಹೆಸರಿನಿಂದ ಹಿಂಗಾತೇನ ತಮ್ಮಾ?’

‘ಇಲ್ರಿ. ನಾ ಕೇಳದ ಬರದದ್ದಕ್ಕ ಆತು.’

ಅವರು ಸ್ವಲ್ಪ ಹೊತ್ತು ಅಕ್ಕಿಯಲ್ಲಿ ಬೆರಳಾಡಿಸಿದರು. ‘ನಂದೂ ಒಂದಿತ್ತು, ತವರಾಗಿಂದು. ಕರಿಯೋರೆಲ್ಲಾ ಹೋದರು. ಈಗ ಹಾದ್ಯಾಗ ಯಾರರ ಕೂಗಿದ್ರ ನಾ ತಿರಗಿ ಸೈತ ನೋಡಾಂಗಿಲ್ಲ.’ ಅಕ್ಕ ಒಳಗಿದ್ದಳು. ಮಷೀನಿನ ಸದ್ದು ನಿಂತಿತ್ತು, ಆಮೇಲೆ ಮತ್ತೆ ಶುರುವಾಯಿತು.

ಎಳ್ಳಮಾವಾಸ್ಯೆ ಬಂತು. ಅಂದು ಎಲ್ಲರೂ ಹೊಲಕ್ಕೆ ಹೋಗಿ, ಬೆಳೆಗೆ ನೈವೇದ್ಯದ ಚರಗ ಚೆಲ್ಲಿ ಉಂಡೆವು. ಹಿಂದಿನ ದಿನವೇ ನಾನು ದರ್ಜಿಗೆ ಫೋನ್ ಮಾಡಿ, ದುಡ್ಡು ನಾನು ತರುತ್ತೇನೆ ಎಂದು ಹೇಳಲು ಹೊರಟಿದ್ದೆ. ಅಕ್ಕ ಫೋನ್ ಕಸಿದುಕೊಂಡಿದ್ದಳು. ‘ನಿನ್ನ ಹೆಸರಿಲೆ ಬರೂದಾದ್ರ ಬ್ಯಾಡ.’ ಹಬ್ಬದ ಮೂರನೆಯ ದಿನ ದರ್ಜಿಯೇ ಕರೆ ಮಾಡಿದರು. ಮಷೀನ್ ಶಿಗ್ಗಾಂವಿಯ ಅಂಗಡಿಯೊಂದಕ್ಕೆ ಹೋಯಿತು. ‘ಬಾಯಾರಿಗೆ ಹೇಳ್ರಿ, ಎರಡ ದಿನ ಹೆಚ್ಚಿಗೀನ ಕಾದೆ’ ಎಂದರು. ಅದು ನಿಜ.

ಮರುವಾರ ಆ್ಯಪಿನಿಂದ ಕೊನೆಯ ಉತ್ತರ ಬಂತು. ಖಾತೆಯನ್ನು ಶಾಶ್ವತವಾಗಿ ಮುಚ್ಚಲಾಗಿದೆ. ಪಾಯಿಂಟುಗಳು ರದ್ದಾಗಿವೆ. ಈ ತೀರ್ಮಾನವನ್ನು ಮರುಪರಿಶೀಲಿಸಲಾಗುವುದಿಲ್ಲ.

ನಾನು ಹಾವೇರಿಗೆ ಹೋಗಿ ಕಚೇರಿಯಲ್ಲಿ ಕುಂತೆ. ಶ್ರಾವಣದಲ್ಲಿ ಬಂದ ಸುದ್ದಿಗೆ ತಿದ್ದುಪಡಿ ಹಾಕಬೇಕೆಂದೆ. ಅದೇ ಹಿರಿಯ ಉಪಸಂಪಾದಕರು ಹಳೆಯ ಪುಟ ತೆಗೆದು, ಕನ್ನಡಕ ಏರಿಸಿ, ಪೂರ್ತಿ ಓದಿದರು.

‘ಹೆಸರು ತಪ್ಪೈತೇನು?’

‘ಇಲ್ರಿ.’

‘ವಯಸ್ಸು?’

‘ಸರಿ ಐತ್ರಿ.’

‘ಊರು?’

‘ತಡಸ. ಸರಿ ಐತಿ.’

‘ಮತ್ತ ತಿದ್ದೂದೇನೋ?’

ಅವರು ವ್ಯಂಗ್ಯವಾಡಲಿಲ್ಲ. ಯಾವ ಸಾಲನ್ನು ತೆಗೆಯಬೇಕೆಂದು ತೋರಿಸಲು ನನಗೂ ಆಗಲಿಲ್ಲ. ಪ್ರತಿ ವಾಕ್ಯವೂ ನಾನು ಕಂಡದ್ದೇ, ಕೇಳಿದ್ದೇ. ಮುಂದಿನ ವರ್ಷ ತಾಲ್ಲೂಕು ಪುಟ ನಿಂತಿತು, ನಾನೂ ಆ ಕೆಲಸ ಬಿಟ್ಟೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ.

ಅಕ್ಕ ಆ್ಯಪನ್ನು ಅಳಿಸಲಿಲ್ಲ. ಖಾತೆ ಮುಚ್ಚಿದ ಮೇಲೂ ತೆರೆದರೆ ಮೇಲ್ಗಡೆ ‘ನಮಸ್ಕಾರ’ ಎಂದು ಅವಳ ಹೆಸರು ಬರುತ್ತಿತ್ತು, ಅದರ ಕೆಳಗೆ ಕೆಂಪು ಅಕ್ಷರದಲ್ಲಿ ಮುಚ್ಚಿದ ಸಂಗತಿ. ತೆಗೆದುಹಾಕಲೇ ಎಂದು ಒಮ್ಮೆ ಕೇಳಿದ್ದೆ. ‘ಇರಲಿ ಬಿಡು, ಏನ್ ಕೂಳ ಕೇಳತೈತೇನು’ ಎಂದಿದ್ದಳು.

ಕಳೆದ ಬೇಸಿಗೆಯಲ್ಲಿ ಹೋದಾಗ ಪಡಸಾಲೆಯಲ್ಲಿ ಮಷೀನಿನ ಪಕ್ಕ ಹೊಲಿಯಲು ತಂದ ಗೋಣಿಚೀಲಗಳ ಕಟ್ಟು ಇತ್ತು, ಗಿರಣಿಯಿಂದ ಬಂದವು. ಬ್ಲೌಸ್ ಒಂದೋ ಎರಡೋ ನೇತಾಡುತ್ತಿದ್ದವು. ಅವಳು ಹೇಳಿದ್ದ ಒಂದು ವರ್ಷ ತುಂಬುವ ಮೊದಲೇ ಚೀಲ ಬಂದವೆಂದು ಅತ್ತೆ ಹೇಳಿದರು. ಅಕ್ಕ ಫೋನ್ ತೆಗೆದು ನನ್ನ ಕೈಗಿಟ್ಟಳು.

‘ಇದ ಯಾರೋ ನೋಡು.’

ಆ್ಯಪ್ ತಾನಾಗಿಯೇ ಹೊಸ ರೂಪಕ್ಕೆ ಬದಲಾಗಿತ್ತು. ಬಣ್ಣ ಬೇರೆ, ಚಿತ್ರ ಬೇರೆ. ಕೆಂಪು ಅಕ್ಷರದ ಸಾಲು ಹಾಗೆಯೇ ಇತ್ತು. ಮೇಲ್ಗಡೆ ‘ನಮಸ್ಕಾರ, ಬಳಕೆದಾರ’ ಎಂದಿತ್ತು.

‘ಯಾರೂ ಅಲ್ಲ ಅಕ್ಕಾ. ಎಲ್ಲರಿಗೂ ಹಂಗ ಬರತೈತಿ.’

‘ಹಂಗಾದ್ರ ತಗದುಬಿಡು.’

ತೆಗೆದೆ. ಅವಳು ಗೋಣಿಚೀಲದ ಬಾಯಿ ಮಡಿಸಿ ಸೂಜಿಯ ಕೆಳಗೆ ಕೊಟ್ಟಳು. ದಪ್ಪ ನೂಲು ಎರಡು ಸಲ ಕಡಿಯಿತು. ಇದನ್ನು ಎಂದಾದರೂ ಬರೆಯಬಹುದೇ ಎಂದು ನಾನು ಕೇಳಿದ್ದು ಆಗಲೇ.

‘ಬರಕೋ. ಹೆಸರು ಮಾತ್ರ ಹಾಕಬ್ಯಾಡ.’

‘ಯಾವ ಹೆಸರು?’

‘ಎರಡೂ’ ಎಂದಳು.

ಊರು ಅಕ್ಕಿಆಲೂರು. ವಯಸ್ಸು ಈಗ ನಲವತ್ತೈದು.